ಇಂಜಿನ್ನಿಗೆ ಅಳತೆ ತೆಗೆದ ಟೇಪಣ್ಣ

"ಅದಕ್ಕೊಂದು ಗೀರು ಬಿದ್ದರೂ ನಾನು ಇನ್ಮೇಲೆ ಕತ್ತರಿ ಮುಟ್ಟೋದಿಲ್ಲ, ತಿಳ್ಕೊ!" ಎಂದು ಟೇಪಣ್ಣ ಫೋನಿನಲ್ಲಿ ತಂಗಿಗೆ ಮಾತು ಕೊಟ್ಟುಬಿಟ್ಟ.

ಟೇಪಣ್ಣ ಅಂದರೆ ಟೈಲರ್. ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಅವನನ್ನು ನೋಡಿದವರು ಹೆಂಡತಿ ಒಬ್ಬಳೇ, ಅವಳಿಗೂ ಅಷ್ಟು ಖಾತ್ರಿಯಿಲ್ಲ. ಈಗ ಅವನು ಕಳಿಸಬೇಕಾಗಿದ್ದು ಕೋಟಲ್ಲ, ಪ್ಯಾಂಟಲ್ಲ, ಅಪ್ಪನ ಟ್ಯಾಕ್ಸಿಯ ಇಂಜಿನ್! ಅದೂ ಹಡಗಿನಲ್ಲಿ, ಸಮುದ್ರದ ಆಚೆಗೆ!

ಅಪ್ಪ ತೀರಿಕೊಂಡ ಮೇಲೆ ಕಾರಿನ ಮೈ ತುಕ್ಕು ಹಿಡಿದು ಗುಜರಿ ಸೇರಿತ್ತು. ಇಂಜಿನ್ ಕೊಡಲು ಮಾತ್ರ ಟೇಪಣ್ಣನಿಗೆ ಮನಸ್ಸು ಬರಲಿಲ್ಲ. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಅದಕ್ಕೊಂದು ಜಾಗ ಮಾಡಿದ. ಎಣ್ಣೆ ಹಾಕುತ್ತಿದ್ದ, ದೂಳು ಒರೆಸುತ್ತಿದ್ದ, ಆಗಾಗ ಸ್ಪ್ಯಾನರ್ ಹಿಡಿದು ಕೈಯಿಂದಲೇ ತಿರುಗಿಸುತ್ತಿದ್ದ. ಗಿರಾಕಿಗಳ ಬಟ್ಟೆ ತಡವಾದರೂ ಇದರ ಸೇವೆ ಒಂದು ದಿನ ತಪ್ಪುತ್ತಿರಲಿಲ್ಲ. ಈಗ ಪರದೇಶದಲ್ಲಿರುವ ತಂಗಿಗೆ ಅಪ್ಪನದರಂಥದ್ದೇ ಹಳೇ ಕಾರೊಂದು ಸಿಕ್ಕಿತ್ತು. ಮೈಯೆಲ್ಲ ನೆಟ್ಟಗಿದೆ, ಇಂಜಿನ್ನೇ ಇಲ್ಲ, ಅಪ್ಪನದನ್ನು ಕಳಿಸ್ತೀಯಾ ಅಂತ ಕೇಳಿದ್ದಳು. ಕೇಳುತ್ತಾ ಅತ್ತಳು, ಇವನೂ ಅತ್ತ. ಅಂಥ ಇಂಜಿನ್ ಈಗ ಎಲ್ಲೂ ತಯಾರಾಗುವುದಿಲ್ಲ. ಅದು ಒಡೆದರೆ ಅಪ್ಪನ ಟ್ಯಾಕ್ಸಿಯದು ಅಂತ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಪ್ಯಾಕಿಂಗ್ ಕೆಲಸ ಬಲ್ಲವರಿಗೆ ಕೊಡಿ ಎಂದು ಹೆಂಡತಿ ಕಾಜಾ ಹೊಲಿಯುತ್ತಲೇ ಹೇಳಿದಳು.

"ಊರಿಗೆಲ್ಲ ಅಳತೆ ತೆಗೆದವನು ನಾನು. ನಮ್ಮಪ್ಪನ ಇಂಜಿನ್ನಿಗೆ ಬೇರೆಯವರು ಬಂದು ಟೇಪು ಹಿಡೀಬೇಕಾ?"

ಟೇಪು ತಾನೇ ಹಿಡಿದ. ಶಾಸ್ತ್ರೋಕ್ತವಾಗಿ! ಎದೆ, ಸೊಂಟ, ಭುಜ, ಉದ್ದ. ಸ್ವಲ್ಪ ನೆಟ್ಟಗೆ ನಿಲ್ಲಿ ಸಾರ್ ಎಂದು ಇಂಜಿನ್ನಿಗೆ ಹೇಳಿದ್ದೊಂದು ಬಾಕಿ. ಕೈರೂಢಿ ನೋಡಿ, ಪ್ರತಿ ಅಳತೆಗೂ ನಾಲ್ಕು ಬೆರಳು ಸಡಿಲ ಸೇರಿಸಿಬಿಟ್ಟ. ಇಷ್ಟು ಜಾಗ ಯಾಕೆ ಅಂತ ಪೆಟ್ಟಿಗೆ ಮಾಡುವ ಬಡಗಿ ತಲೆ ಕೆರೆದುಕೊಂಡ. ಬಿಗಿಯಾದರೆ ಬಗ್ಗಿದಾಗ ಎಲ್ಲಿ ಹರಿಯುತ್ತೋ ಹೇಳೋಕಾಗಲ್ಲ ಎಂದು ಟೇಪಣ್ಣ ಅವನಿಗೆ ಉಪದೇಶ ಮಾಡಿದ.

ಅಷ್ಟಕ್ಕೇ ಬಿಟ್ಟನೇ? ಇಂಜಿನ್ನಿಗೆ ಹತ್ತಿ ತುಂಬಿದ ಅಂಗಿಯೊಂದನ್ನು ಹೊಲಿದ. ಒಳಗೆ ಅಸ್ತರು, ಮುಂದೆ ಸಾಲಾಗಿ ಗುಂಡಿ. ಅದನ್ನು ತೊಡಿಸಿ ಗುಂಡಿ ಹಾಕುವಾಗ ಮಾತ್ರ ಅವನ ಕೈ ನಿಧಾನವಾಯಿತು. ಚಳಿಯ ಬೆಳಗ್ಗೆ ಅಪ್ಪ ಕಾರು ಬಿಸಿ ಮಾಡಿ, ತಂಗಿಯನ್ನು ಎತ್ತಿ ಬಾನೆಟ್ ಮೇಲೆ ಕೂರಿಸುತ್ತಿದ್ದರು. ಬೆಚ್ಚಗಿದೆ ಅಂತ ಅವಳು ಕೆಳಗೇ ಇಳಿಯುತ್ತಿರಲಿಲ್ಲ. ಬಾನೆಟ್ಟಿಗೆ ಕಿವಿಯಿಟ್ಟು, ಒಳಗೆ ಯಾರೋ ಏನೋ ಅಗೀತಿದಾರೆ ಅಂತ ಗುಟ್ಟು ಹೇಳುತ್ತಿದ್ದಳು. ಎಂಥಾ ದಿನಗಳು ಅವು! ಈ ನೆನಪಿನ ಗುಂಗಿನಲ್ಲಿ ಟೇಪಣ್ಣ ಇಂಜಿನ್ನಿನ ಎಣ್ಣೆ ಬಸಿಯುವುದನ್ನೇ ಮರೆತ.

ಪೆಟ್ಟಿಗೆಯ ಸಂದಿಗೆಲ್ಲ ಚಿಂದಿ ಬಟ್ಟೆ ತುರುಕಿ ಮೊಳೆ ಹೊಡೆದಾಯಿತು. ಸಾಮಾನಿನ ಗಾಡಿ ಬಂತು. ಅಂಗಡಿಯ ಮೆಟ್ಟಿಲ ಮೇಲೆ ಹಲಗೆ ಇಳಿಬಿಟ್ಟರು. ಹೊಸ ಬಿಳಿ ಪ್ಯಾಂಟ್ ತೊಟ್ಟು ನೋಡುತ್ತಿದ್ದ ಬ್ಯಾಂಕಿನ ಕ್ಯಾಷಿಯರ್ ಪಾಪ, ಒಳ್ಳೆಯ ಮನುಷ್ಯ, ತಾನೂ ಒಂದು ಕೈ ಕೊಡುತ್ತೇನೆಂದು ಮುಂದೆ ಬಂದು ನಿಂತ.

ಪೆಟ್ಟಿಗೆ ಹಲಗೆಯ ಮೇಲೆ ವಾಲಿತು. ಒಳಗೆ ಧಡ್ ಅಂತು. ಹಿಂದಕ್ಕೆ ತಳ್ಳಿದರು, ಹಿಂದೆ ಧಡ್. ಚಿಂದಿಯೆಲ್ಲ ಚಪ್ಪಟೆಯಾಗಿ, ನಾಲ್ಕು ಬೆರಳಿನ ಸಡಿಲದಲ್ಲಿ ಇಂಜಿನ್ ಸಾಹೇಬರು ವಾಕಿಂಗ್ ಹೊರಟಿದ್ದರು! ಮತ್ತೊಮ್ಮೆ ಮುಂದಕ್ಕೆ ಬಂದಾಗ ಪೆಟ್ಟಿಗೆಯ ಹಲಗೆಯೇ ಸೀಳಿತು. ಗುಂಡಿ ಹಾಕಿದ ಅಂಗಿಯ ಸಮೇತ ಇಂಜಿನ್ ಬೀದಿಗೆ ಉರುಳಿತು. ಎಣ್ಣೆ ಚಿಮ್ಮಿ ಕ್ಯಾಷಿಯರನ ಬಿಳಿ ಪ್ಯಾಂಟ್ ಮೊಣಕಾಲಿನವರೆಗೆ ಕರ್ರಗಾಯಿತು.

ಟೇಪಣ್ಣ ಬೀದಿಯಲ್ಲೇ ಕುಕ್ಕರಿಸಿ ಇಂಜಿನ್ನನ್ನು ತಬ್ಬಿಕೊಂಡ. ಯಾರು ಕರೆದರೂ ಅವನಿಗೆ ಕೇಳಿಸಲಿಲ್ಲ. ಬೈಯುತ್ತಾಳೆ ಅಂತ ಎಲ್ಲರೂ ಕಾದ ಹೆಂಡತಿ ಬೈಯಲಿಲ್ಲ. ಅಂಗಿಯ ಗುಂಡಿ ಬಿಚ್ಚಿ, ಒಡಕು ಇದೆಯೇ ಎಂದು ಕೈಯಾಡಿಸಿದಳು. ಸ್ಪ್ಯಾನರ್ ತಂದು ತಾನೇ ತಿರುಗಿಸಿದಳು. ತಿರುಗಿತು. ಆದರೆ ಒಳಗೇನಾಗಿದೆಯೋ, ಸ್ಟಾರ್ಟ್ ಆಗುತ್ತೋ ಇಲ್ಲವೋ, ಕಾರಿಗೆ ಕೂರಿಸುವ ತನಕ ಯಾರಿಗೂ ತಿಳಿಯುವಂತಿರಲಿಲ್ಲ.

"ರೀ, ಅಂಗಿ ಮೈಗೆ ಸಡಿಲ ಇದ್ರೆ ಚೆಂದ, ಒಪ್ತೀನಿ" ಎಂದಳು. "ಇದು ಅಂಗಿ ಅಲ್ಲ, ಚಪ್ಪಲಿ. ಸಡಿಲ ಇದ್ರೆ ಕಾಲು ಹೊರಳುತ್ತೆ."

ಈ ಸಲ ಯಜಮಾನಿಕೆ ಅವಳದು. ತೊಟ್ಟೂ ಉಳಿಯದಂತೆ ಎಣ್ಣೆ ಬಸಿಸಿದಳು. ಇಂಜಿನ್ನಿನ ಕಾಲುಗಳನ್ನು ದಪ್ಪ ಹಲಗೆಗೆ ಬೋಲ್ಟು ಹಾಕಿ ಬಿಗಿಸಿ, ಅದರ ಸುತ್ತ ಪೆಟ್ಟಿಗೆ ಕಟ್ಟಿಸಿದಳು. ಬಡಗಿ ಮೈಭಾರವೆಲ್ಲ ಹಾಕಿ ಅಲುಗಾಡಿಸಿದರೂ ಒಳಗಿಂದ ಚಕಾರವಿಲ್ಲ. ಕ್ಯಾಷಿಯರ್ ಮಾತ್ರ ಇನ್ನೊಂದು ಹೊಸ ಪ್ಯಾಂಟ್ ತೊಟ್ಟು ಎದುರು ಬದಿಯ ಗೋಡೆಗೆ ಒರಗಿಕೊಂಡೇ ಆಶೀರ್ವಾದ ಮಾಡಿದ.

ಹಡಗು ಹೋಯಿತು. ಟೇಪಣ್ಣನ ನಿದ್ದೆಯೂ ಅದರ ಜೊತೆಗೇ ಹೋಯಿತು. ಬಿದ್ದ ಸಂಗತಿಯನ್ನು ತಂಗಿಗೆ ಹೇಳಿದ. ಸ್ಟಾರ್ಟ್ ಮಾಡಿದಾಗ ನೋಡೋಣ ಬಿಡಣ್ಣ ಎಂದವಳ ದನಿ ಸಣ್ಣಗಿತ್ತು. ಅಂದಿನಿಂದ ಅವನು ಒಬ್ಬರ ತೋಳನ್ನು ಇನ್ನೊಬ್ಬರ ಅಂಗಿಗೆ ಹೊಲಿಯತೊಡಗಿದ.

ಕೊನೆಗೊಂದು ಮಧ್ಯಾಹ್ನ, ಅಂಗಡಿಯ ತುಂಬ ಗಿರಾಕಿಗಳಿದ್ದಾಗ, ಫೋನ್ ಬಂತು.

"ಅಣ್ಣ, ಏನೂ ಮಾತಾಡ್ಬೇಡ. ಕೇಳು."

ಕೀಲಿ ತಿರುಗಿದ ಸದ್ದು. ಒಂದು ಕೆಮ್ಮು, ಆಮೇಲೆ ಏನೂ ಇಲ್ಲ. ಟೇಪಣ್ಣ ಮುಖ ಮುಚ್ಚಿಕೊಂಡ. ಇನ್ನೊಂದು ಕೆಮ್ಮು. ಮತ್ತೆ ಗುಡುಗುಡು ಗುಡುಗುಡು ಅಂತ, ಅದೇ ದನಿಯಲ್ಲಿ, ಅಪ್ಪನ ಟ್ಯಾಕ್ಸಿ ಬೀದಿಯ ತಿರುವಿನಲ್ಲಿ ಬಂದಂತೆ!

ಟೇಪಣ್ಣ ದಡಕ್ಕನೆ ಎದ್ದ. ಅಂಗಡಿಯಲ್ಲಿ ಹಾಡುತ್ತಿದ್ದ ರೇಡಿಯೋ ಆರಿಸಿದ. ಕಾಲರಿನ ಗುಂಡಿ ಹಾಕಿಕೊಂಡ. ಪ್ಯಾಂಟಿನ ಚಿತ್ರಗಳ ಪುಸ್ತಕ ಕೈಗೆ ಸಿಕ್ಕಿತು, ಅದನ್ನೇ ತಲೆಕೆಳಗಾಗಿ ಹಿಡಿದು, ಗೋಡೆಯ ಕಡೆ ಮುಖ ಮಾಡಿ ಕೂತು, ತುಟಿ ಅಲ್ಲಾಡಿಸತೊಡಗಿದ. ಕಣ್ಣಲ್ಲಿ ಧಾರಾಕಾರ ನೀರು.

ಹೆಂಡತಿ ತನ್ನ ಕಣ್ಣನ್ನೂ ಒರೆಸಿಕೊಂಡು ಫೋನ್ ಎತ್ತಿಕೊಂಡಳು.

"ಸ್ವಲ್ಪ ಆಫ್ ಮಾಡಮ್ಮ. ಅಪ್ಪ ಬಂದ್ರು ಅಂತ ನಿಮ್ಮಣ್ಣ ಓದೋಕೆ ಕೂತ್ಬಿಟ್ಟಿದ್ದಾರೆ."