ಮೆಟ್ಟಿಲ ಕೆಳಗಿನ ಹನ್ನೊಂದು ಬಾಟಲಿಗಳ ಸನ್ನಿಧಿಗೆ

ಮಾನ್ಯರೇ,

ಹ್ಯಾಲಿಫ್ಯಾಕ್ಸ್ ಊರಿನ ನಮ್ಮ ಮನೆಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ತಾವು ಬಿಜಯಂಗೈದು ಚಳಿಗಾಲವೇ ಮುಗಿಯುತ್ತ ಬಂದಿರುವ ಈ ಹೊತ್ತಿನಲ್ಲಿ, ಮುಚ್ಚಿದ ಬಾಗಿಲಿನಿಂದ ಕ್ಷೇಮಕರ ದೂರದಲ್ಲಿ ನಿಂತು, ತಮ್ಮ ಮುಚ್ಚಳಗಳು ಭದ್ರವಾಗಿರಲೆಂದು ಹಾರೈಸುತ್ತ ಈ ದೂರನ್ನು ಸಲ್ಲಿಸುತ್ತಿದ್ದೇನೆ.

ಬಿಯರ್ ಮಾಡುವ ಸಾಮಗ್ರಿಯನ್ನು ಕ್ರಿಸ್‌ಮಸ್‌ಗೆ ತಂದುಕೊಟ್ಟವಳು ನನ್ನ ಹೆಂಡತಿ ಡೋರೀನ್. ಒಬ್ಬರು ನಳಿಕೆ ಹಿಡಿದರೆ ಇನ್ನೊಬ್ಬರು ಬಾಟಲಿ ಹಿಡಿಯಬೇಕು, ಹಾಗಾದರೂ ಮನೆಯಲ್ಲಿ ನಾಲ್ಕು ಮಾತು ಹುಟ್ಟೀತು ಎಂಬುದು ಅವಳ ಆಸೆಯಾಗಿತ್ತು. ಅವಳು ಪೇಟೆಗೆ ಹೋಗಿದ್ದಾಗ ನಾನು ಒಬ್ಬನೇ ತುಂಬಿ ಮುಗಿಸಿದೆ. ಬಿಯರ್ ಹುಳಿಯುತ್ತಿದ್ದ ಬಕೆಟ್ಟಿನಲ್ಲಿ ಗುಳ್ಳೆ ಏಳುವುದು ನಿಲ್ಲುವ ಮೊದಲೇ ತಮ್ಮನ್ನೆಲ್ಲ ತುಂಬಿ, ಚಿಟಿಕೆ ಸಕ್ಕರೆ ಸಾಕಾಗಿದ್ದಲ್ಲಿ ಧಾರಾಳವಾಗಿ ಚಮಚ ತುಂಬ ಸುರಿದು, ಬೆಚ್ಚಗಿರಲೆಂದು ಬಿಸಿನೀರಿನ ಕೊಳವೆಯ ಪಕ್ಕದಲ್ಲೇ ನಿಲ್ಲಿಸಿದೆ. ಈ ಉಪಚಾರಕ್ಕೆ ತಮ್ಮ ಬಳಗದವರು ಒಬ್ಬರ ಹಿಂದೊಬ್ಬರು ಸಿಡಿದು ಕೃತಜ್ಞತೆ ತೋರಿದರು.

ಅಂದಿನಿಂದ ಆ ಬಾಗಿಲನ್ನು ಯಾರೂ ತೆರೆದಿಲ್ಲ. ಆ ಗೂಡಿನಲ್ಲೇ ಇರುವ ಗ್ಯಾಸ್ ಮೀಟರ್ ಓದಲು ಬಂದವನು ಒಳಗಿನ ಸಂಗತಿ ಕೇಳಿ, ತನಗೂ ಹೆಂಡತಿ ಮಕ್ಕಳಿದ್ದಾರೆಂದು ಹೇಳಿ ಅಂದಾಜಿನ ಅಂಕಿ ಬರೆದುಕೊಂಡು ಹೋದ. ಪಕ್ಕದ ಮನೆಯ ಎನಿಡ್ ಗ್ರೀನ್‌ವುಡ್ ಗೋಡೆಯಾಚೆಯಿಂದ, "ಏನ್ರೀ ಡೆಸ್ಮಂಡ್, ಯುದ್ಧ ಮುಗೀತು ಅಂತ ನಿಮ್ಮ ಬಾಟ್ಲಿಗಳಿಗೆ ಯಾರೂ ಹೇಳಿಲ್ವಾ?" ಎಂದು ವಿಚಾರಿಸಿದರು. ತಮಗೆ ಸೆಖೆಯಾಗದಿರಲೆಂದು ನಾನು ಹೀಟರ್ ಆರಿಸಿದ್ದೇನೆ. ನಾನು ಕೋಟು ತೊಟ್ಟು, ಡೋರೀನ್ ಹಸಿರು ಮಫ್ಲರ್ ಸುತ್ತಿಕೊಂಡು, ಎದುರುಬದುರು ಕುಳಿತು ಊಟ ಮಾಡುತ್ತೇವೆ.

ಇಷ್ಟಾದರೂ ತಮ್ಮ ಮಹದುಪಕಾರವನ್ನು ನಾನು ಮರೆಯಲಾರೆ. ಮೊದಲ ಬಾಟಲಿ ಸಿಡಿದ ದಿನ ಡೋರೀನ್ ಈ ಬಾಗಿಲ ಮುಂದೆ ನಿಂತು, ದನಿ ಏರಿಸದೆ ಹೇಳಿದ್ದಳು: "ನನ್ನ ಸೂಟ್‌ಕೇಸ್ ಒಳಗಿದೆ. ಅದೊಂದು ಕೈಗೆ ಸಿಕ್ಕಿದ್ರೆ ಇವತ್ತೇ ಅಕ್ಕನ ಮನೆಗೆ ಹೊರಟುಬಿಡ್ತಿದ್ದೆ. ವಾಪಸ್ ಬರ್ತಿರ್ಲಿಲ್ಲ." ಅದಕ್ಕೆ ನಾನು ಹೇಳಬೇಕಾದದ್ದನ್ನು ನನ್ನ ಪರವಾಗಿ ತಾವೇ, ಗಾಜು ಸಹಿತ, ಹೇಳುತ್ತ ಬಂದಿರಿ. ಒಂದು ಸಂಸಾರವನ್ನು ಇಷ್ಟು ನಿಷ್ಠೆಯಿಂದ ಕಾದವರನ್ನು ನಾನು ಬೇರೆ ಕಂಡಿಲ್ಲ.

ನನ್ನ ದೂರು ಇರುವುದು ತಮ್ಮ ಈಚಿನ ನಡತೆಯ ಬಗ್ಗೆ. ಬಹಳ ದಿನಗಳಿಂದ ತಮ್ಮಲ್ಲಿ ಯಾರೂ ಸಿಡಿದಿಲ್ಲ. ಬಾಗಿಲ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಮಡ್ಡಿಯೆಲ್ಲ ತಳಕ್ಕಿಳಿದು, ಕಡಕ್ ಚಹಾದ ಬಣ್ಣಕ್ಕೆ ತಿಳಿಯಾಗಿ, ಮರ್ಯಾದಸ್ಥರಂತೆ ನಿಂತಿದ್ದೀರಿ. ಹೀಗೇ ಆದರೆ ಬಾಗಿಲು ತೆರೆಯಲು ಅಡ್ಡಿಯೇನಿದೆ? ಆದಕಾರಣ ತಾವು ತಮ್ಮತಮ್ಮಲ್ಲೇ ಚೀಟಿ ಎತ್ತಿ, ತಿಂಗಳಿಗೊಬ್ಬರಾದರೂ, ಸಾಧ್ಯವಾದಷ್ಟೂ ಡೋರೀನ್ ಮನೆಯಲ್ಲಿರುವಾಗಲೇ, ಸಿಡಿಯುವ ಕೃಪೆ ಮಾಡಬೇಕೆಂದೂ, ಯಾವ ಕಾರಣಕ್ಕೂ ಒಳ್ಳೆಯ ಬಿಯರ್ ಆಗಬಾರದೆಂದೂ ಕೈಮುಗಿದು ಕೇಳಿಕೊಳ್ಳುತ್ತೇನೆ.

ಬಾಗಿಲಿನ ಈಚೆಯ ತಮ್ಮ ವಿಶ್ವಾಸಿ,
ಡೆಸ್ಮಂಡ್ ಆಕ್ರಾಯ್ಡ್

ಬರೆದು ಮುಗಿಸಿದ ಮೇಲಿನ ಮಾತು: ಚಪ್ಪಲಿ ಹುಡುಕುತ್ತ ಮಂಚದ ಕೆಳಗೆ ಬಗ್ಗಿದೆ. ಗೂಡಿನೊಳಗಿದೆ ಎಂದು ಡೋರೀನ್ ಹೇಳಿದ್ದ ಸೂಟ್‌ಕೇಸು ಅಲ್ಲಿತ್ತು. ತೆರೆದರೆ ಡೋರೀನಳ ಉಣ್ಣೆ ಬಟ್ಟೆಗಳು; ಎಲ್ಲಕ್ಕಿಂತ ಮೇಲೆ, ನಿನ್ನೆ ಊಟದ ಹೊತ್ತಿಗೆ ಅವಳ ಕೊರಳಲ್ಲಿದ್ದ ಹಸಿರು ಮಫ್ಲರು. ಅಂದರೆ ಇಷ್ಟು ದಿನವೂ ಅದನ್ನು ತೆರೆದು ಮುಚ್ಚುತ್ತಲೇ ಇದ್ದಾಳೆ. ಅವಳನ್ನು ಇಲ್ಲಿ ಉಳಿಸಿದವರು ತಾವಲ್ಲ. ತಮ್ಮ ಕಾವಲಿನ ಕೆಲಸ ಇಂದಿಗೆ ಮುಗಿಯಿತೆಂದು ತಿಳಿಯತಕ್ಕದ್ದು. ಭಾನುವಾರ ಬಾಗಿಲು ತೆರೆಯುತ್ತೇವೆ. ಬಾಟಲಿ ಹಿಡಿಯುವವನು ನಾನು, ಓಪನರ್ ಅವಳ ಕೈಯಲ್ಲಿರುತ್ತದೆ.