ಐವತ್ತು ಸಿಸಿ ಎಂಜಿನ್ ಅವರ ಸನ್ನಿಧಿಗೆ, ಹರಪನಹಳ್ಳಿಯಿಂದ

ಮಹಾಬಲಶಾಲಿಗಳೂ ಘನತೆವೆತ್ತವರೂ ಆದ ಐವತ್ತು ಸಿಸಿ ಪೆಟ್ರೋಲ್ ಎಂಜಿನ್ ಅವರಿಗೆ, ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ ಏಕಾಂತಪ್ಪನು ಎರಡೂ ಕೈ ಮುಗಿದು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಎಲ್ಲಿದ್ದರೂ ದೊಡ್ಡ ಸದ್ದು ಮಾಡುತ್ತಾ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾವೂ ಕ್ಷೇಮ. ತಾವು ಹೋದ ಮೇಲೆ ಇನ್ನೂ ಕ್ಷೇಮ. ತಮ್ಮ ಮೇಲೆ ನನ್ನದೊಂದು ಸಣ್ಣ ದೂರಿದೆ. ತಮ್ಮಂಥ ದೊಡ್ಡವರ ಮೇಲಿನ ದೂರನ್ನು ಗುಟ್ಟಾಗಿ ಹೇಳುವುದು ಅಗೌರವವೆಂದು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನನ್ನ ಮಗಳು ಅಮೃತಾ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದ 2004ರ ಬೇಸಿಗೆಯಲ್ಲಿ, ನಾವಿಬ್ಬರೂ ಪಡಸಾಲೆಯಲ್ಲಿ ಕೂತು ಹಗುರ ಕಟ್ಟಿಗೆಯಿಂದ ಒಂದು ಮಾದರಿ ವಿಮಾನ ಕಟ್ಟತೊಡಗಿದ್ದೆವು. ಅವಳು ಅದರ ತೂಕವನ್ನು ನನ್ನ ಅಂಗಡಿಯ ತಕ್ಕಡಿಯಲ್ಲೇ ನೋಡಿ, ರೆಕ್ಕೆಯ ಅಳತೆ ಹಿಡಿದು, ಇದಕ್ಕೆ ಇಪ್ಪತ್ತು ಸಿಸಿ ಎಂಜಿನ್ ಸರಿಯಾಗುತ್ತದೆ, ದೊಡ್ಡದು ಹಾಕಿದರೆ ಮೂತಿ ಭಾರವಾಗಿ ಮೇಲೇಳುವುದೇ ಇಲ್ಲ ಎಂದಳು. ನಾನೋ, ಹೆಚ್ಚು ತೂಗಿದ್ದೇ ಒಳ್ಳೆಯ ಮಾಲು ಎಂದು ನಂಬಿ ಬಾಳಿದ ವ್ಯಾಪಾರಿ. ಬೆಂಗಳೂರಿನ ಅಂಗಡಿಯ ಗಾಜಿನ ಕಪಾಟಿನಲ್ಲಿ ತಾವು ವಿರಾಜಮಾನರಾಗಿದ್ದಾಗ, ಪಕ್ಕದಲ್ಲಿದ್ದ ಇಪ್ಪತ್ತು ಸಿಸಿಯವರು ತಮ್ಮ ಚೀಲ ಹೊರಲು ಬಂದ ಆಳಿನಂತೆ ಕಂಡರು. ತಮ್ಮನ್ನೇ ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಊರ ತನಕ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ.

ತಮ್ಮನ್ನು ಮುಂದೆ ಬಿಗಿದೊಡನೆ ವಿಮಾನ ಹಿರಿಯರ ಕಾಲಿಗೆ ಬೀಳುವಂತೆ ಬಾಗಿತು. ಸರಿದೂಗಿಸಲು ಬಾಲಕ್ಕೆ ಅಂಗಡಿಯ ತೂಕದ ಕಲ್ಲು ಕಟ್ಟಿದೆ. ಕಲ್ಲಿನ ಭಾರ ಹೊರಲೆಂದು ರೆಕ್ಕೆ ಉದ್ದ ಮಾಡಿದೆ. ಉದ್ದವಾದ ರೆಕ್ಕೆ ಬಳುಕಿದ್ದರಿಂದ ಬಿದಿರ ಗಳ ಸೇರಿಸಿದೆ. ಗಳದ ಭಾರಕ್ಕೆ ಮತ್ತೆ ರೆಕ್ಕೆ ಬೆಳೆಸಿದೆ. ಅಮೃತಾ ಅಂಟಿನ ಡಬ್ಬಿ ಕೈಗೆ ಕೊಡುತ್ತಿದ್ದಳು. ಕೊನೆಗೆ ವಿಮಾನವು ಈ ಗೋಡೆಯಿಂದ ಆ ಗೋಡೆಗೆ ಮುಟ್ಟಿ, ಯಾವ ಬಾಗಿಲಲ್ಲೂ ಹಿಡಿಸದೆ, ತಮ್ಮ ಘನತೆಗೆ ತಕ್ಕದಾಯಿತು. ನನ್ನ ಹೆಂಡತಿ ಕೊಟ್ರಬಸಮ್ಮ ರೆಕ್ಕೆಯ ಮೇಲೆ ಒಗೆದ ಬಟ್ಟೆ ಹರವತೊಡಗಿದಳು.

ಅಷ್ಟರಲ್ಲಿ ಹಂಪಸಾಗರದಿಂದ ಅಮೃತಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ಹೊಳೆದಂಡೆಯಲ್ಲಿ ದೊಡ್ಡ ಹೊಲ, ದೊಡ್ಡ ಮನೆ ಎಂದು ಕೇಳಿದೊಡನೆ ನಾನು ಬನ್ನಿ ಎಂದಿದ್ದೆ, ಮಗಳನ್ನು ಕೇಳಿರಲಿಲ್ಲ. ವರ ಪ್ರವೀಣಕುಮಾರ್, ಅವನ ತಂದೆ, ಹಿರಿಯರು ಎಲ್ಲರೂ ತಲೆ ತಗ್ಗಿಸಿ ಒಳಬಂದು ರೆಕ್ಕೆಯ ನೆರಳಲ್ಲಿ ಸಾಲಾಗಿ ಕೂತರು. ಹುಡುಗಿಯ ವಿಷಯ ಕೇಳಬೇಕಾಗಿದ್ದ ವರನ ತಂದೆ ತಮ್ಮತ್ತ ಕೈ ತೋರಿಸಿ, “ಇದು ಶುರು ಆಗ್ತೈತೇನ್ರಿ?” ಎಂದರು. ಮನೆತನದ ಮರ್ಯಾದೆಯ ಪ್ರಶ್ನೆಯೆಂದು ನಾನು ವಿಮಾನದ ಬಾಲವನ್ನು ಕಂಬಕ್ಕೆ ಕಟ್ಟಿ, ಮುಂದಿನ ಫ್ಯಾನು ತಿರುವಿದೆ.

ಮಾನ್ಯರೇ, ತಮ್ಮ ಪರಾಕ್ರಮವನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ಮೊದಲು ತಟ್ಟೆಯ ಮಂಡಕ್ಕಿ ಎದ್ದಿತು, ಅದರ ಹಿಂದೆ ತಟ್ಟೆಗಳು, ಹಿರಿಯರ ರುಮಾಲು, ಕೊಟ್ರಬಸಮ್ಮನ ಒಣಗಿದ ಬಟ್ಟೆ. ವರ ಚಾಪೆಯ ಸಮೇತ ಮೂಲೆ ಸೇರಿದ. ಕಂಬ ವಾಲತೊಡಗಿತು, ನಾನು ಬಾಲ ಹಿಡಿದು ನೇತಾಡುತ್ತಿದ್ದೆ. ಅಡುಗೆಮನೆಯಿಂದ ಚಹಾ ತಂದ ಅಮೃತಾ ಅದನ್ನು ನೆಲಕ್ಕಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ರೆಕ್ಕೆಯ ಕೆಳಗೆ ತೆವಳಿಕೊಂಡು ಬಂದು ತಮ್ಮ ಸ್ವಿಚ್ ಆರಿಸಿದಳು.

ಎಲ್ಲ ಸುಮ್ಮನಾದ ಮೇಲೆ ವರನ ತಂದೆ ಮೀಸೆಯಿಂದ ಮಂಡಕ್ಕಿ ತೆಗೆಯುತ್ತಾ, ಇಂಥ ಗಾಳಿ ಹಂಪಸಾಗರದ ಕಣದಲ್ಲಿದ್ದರೆ ಜೋಳ ತೂರಲು ಯಾರ ಹಂಗೂ ಬೇಡವೆಂದು ಹೇಳಿ, “ನಮಗ ಒಪ್ಪಿಗಿ ಐತ್ರಿ” ಎಂದರು. ಕೊಟ್ರಬಸಮ್ಮ ಸಂತೋಷದಿಂದ ಸಕ್ಕರೆ ಡಬ್ಬಿಗೆ ಕೈ ಹಾಕಿದಳು.

“ಅಪ್ಪಾ, ಅವರಿಗೆ ಒಪ್ಪಿಗಿ ಆಗಿದ್ದು ಎಂಜಿನ್ನು,” ಎಂದಳು ಅಮೃತಾ. “ಅದನ್ನ ಕೊಟ್ಟು ಕಳಿಸಪ್ಪ. ನಾನು ಇಲ್ಲೇ ಇರ್ತೀನಿ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ತಾಗಿತು. ಮೂಲೆಯಲ್ಲಿದ್ದ ಪ್ರವೀಣಕುಮಾರನ ಕಡೆ ನೋಡಿದೆ. ಅವನು ಬದುಕಿದೆನೆಂಬಂತೆ ತಲೆಯಾಡಿಸಿದ. ತಮ್ಮನ್ನು ಬಿಚ್ಚಿ ಕೆಳಗಿಳಿಸಿದೆವು. ಕೊಟ್ರಬಸಮ್ಮ ಕಣ್ಣೊರೆಸಿಕೊಂಡು, ಬಂದವರನ್ನು ಬರಿಗೈಲಿ ಕಳಿಸಬಾರದೆಂದು ತಮಗೇ ಅರಿಶಿನ ಕುಂಕುಮ ಹಚ್ಚಿ, ಉಡಿ ತುಂಬಿ ಅವರ ಜೀಪಿಗೆ ಹತ್ತಿಸಿದಳು.

ಆಮೇಲೆ ಅಮೃತಾ ರೆಕ್ಕೆಯನ್ನು ಮೊದಲಿನ ಅಳತೆಗೆ ಕತ್ತರಿಸಿ, ಕಲ್ಲು, ಗಳ ಎಲ್ಲ ಕಿತ್ತು, ಇಪ್ಪತ್ತು ಸಿಸಿಯವರನ್ನು ತರಿಸಿ ಕೂರಿಸಿದಳು. ಕಾಲೇಜು ಮೈದಾನದಲ್ಲಿ ವಿಮಾನ ಎಷ್ಟು ಸಲೀಸಾಗಿ ಮೇಲೆದ್ದಿತೆಂದರೆ, ತಮ್ಮ ಬಗ್ಗೆ ನನಗೆ ಕನಿಕರವಾಯಿತು. ಮದುವೆಯ ವಿಷಯವನ್ನು ಅಲ್ಲೇ ಅವಳ ಹತ್ತಿರ ಕೇಳಿದೆ. ಈಗಲಾದರೂ ಕೇಳಿದೆಯಲ್ಲ ಎಂದು ನಕ್ಕು, ಕಂಟ್ರೋಲು ನನ್ನ ಕೈಗೆ ಕೊಟ್ಟಳು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಯಾರಾದರೂ ತಂದೆ ಆಸೆಗಣ್ಣಿನಿಂದ ನೋಡಿದಾಗ ತಮ್ಮ ಕುಲದವರೆಲ್ಲ ಸ್ವಲ್ಪ ಹೊತ್ತು ಕುಗ್ಗಿ ಕೂರಬೇಕು. ತಾವು ಖುದ್ದಾಗಿ ಒಮ್ಮೆ ಬಂದು, ವಾಲಿದ ನಮ್ಮ ಕಂಬವನ್ನು ಎದುರು ದಿಕ್ಕಿನಿಂದ ಊದಿ ನೆಟ್ಟಗೆ ಮಾಡಿಕೊಡಬೇಕು.

ತಮ್ಮ ವಿಶ್ವಾಸಿ, ತಮ್ಮ ಭಾರವನ್ನು ತೊಡೆಯ ಮೇಲೆ ಹೊತ್ತು ತಂದ,
ಏಕಾಂತಪ್ಪ

ವಿ.ಸೂ.: ಹಂಪಸಾಗರದಿಂದ ಈಗಷ್ಟೇ ಕಾಗದ ಬಂತು. ತಾವು ಬೀಸಿದ ರಭಸಕ್ಕೆ ಹೊಟ್ಟಿನ ಜೊತೆ ಜೋಳವೂ ಹಾರಿ ಪಕ್ಕದವರ ಕಣದಲ್ಲಿ ರಾಶಿ ಬಿದ್ದಿದೆಯಂತೆ. ಪಕ್ಕದವರು ತಮಗೆ ದಿನಾ ಕಾಯಿ ಒಡೆಯುತ್ತಿದ್ದಾರಂತೆ. ಜೋಳ ತೂರಲು ಸರಿಯಾದ ಎಂಜಿನ್ ಎಷ್ಟು ಸಿಸಿಯದೆಂದು ವರನ ತಂದೆ ಕೇಳಿರುವುದು ಮಾತ್ರ ನನ್ನನ್ನು. ಕಾಗದವನ್ನು ಅಮೃತಾಳ ಕೈಗೆ ಕೊಟ್ಟಿದ್ದೇನೆ.