ಅರ್ಧ ಟ್ಯಾಂಕಿನಲ್ಲಿ ಹರಿಹರಕ್ಕೆ

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನಿಗೆ ಹೆಲಿಕಾಪ್ಟರ್ ಕಟ್ಟುವುದು ದೊಡ್ಡ ಕೆಲಸವೇ? ಅದೂ ಕಂಪ್ಯೂಟರಿನೊಳಗೆ! ಕಬ್ಬಿಣ ಬೇಡ, ಬೆಸುಗೆ ಬೇಡ, ಬಿದ್ದರೆ ಯಾರ ತಲೆಯೂ ಒಡೆಯುವುದಿಲ್ಲ. ಹೀಗೆಂದು ನಾನು ಮನಸಾರೆ ನಂಬಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದೆ. ದಾವಣಗೆರೆಯ ಸರಸ್ವತಿ ನಗರದ ನಮ್ಮ ಬೀದಿಗೆ ಬಂದ ಮೊದಲ ಕಂಪ್ಯೂಟರ್ ನಮ್ಮದೇ. ಅದರ ಶುಭಾಗಮನಕ್ಕಾಗಿ, ಹಜಾರದ ಕಿಟಕಿಯ ಪಕ್ಕದಲ್ಲಿದ್ದ ನನ್ನ ಹೆಂಡತಿ ಗಿರಿಜೆಯ ಹೊಲಿಗೆ ಯಂತ್ರವನ್ನು ಬಚ್ಚಲುಮನೆಯ ಪಕ್ಕದ ಕತ್ತಲ ಮೂಲೆಗೆ ಸಕಲ ಗೌರವಗಳೊಂದಿಗೆ ವರ್ಗಾಯಿಸಲಾಯಿತು. ಆಕೆ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದು ಕೊಡುತ್ತಾಳೆ.

"ಅಲ್ಲಿ ನನಗೆ ದಾರಾನೂ ಕಾಣಂಗಿಲ್ಲ, ಸೂಜೀನೂ ಕಾಣಂಗಿಲ್ಲ. ದೀಪಾವಳಿ ಬಟ್ಟೆ ಹೆಂಗೆ ಹೊಲೀಲಿ?" ಎಂದಳು.

"ವಿಜ್ಞಾನಕ್ಕೆ ಬೆಳಕು ಬೇಕು ಗಿರಿಜಾ" ಎಂದೆ. ಆಕೆ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಆ ಕಂಪ್ಯೂಟರಿನಲ್ಲಿ ಹೆಲಿಕಾಪ್ಟರ್ ಹಾರಿಸುವ ಆಟವೊಂದಿತ್ತು. ಹಾರಿಸುವ ಮೊದಲು ಅದನ್ನು ನಾವೇ ಕಟ್ಟಬೇಕು. ರೆಕ್ಕೆ ಎಷ್ಟು ಉದ್ದ, ಇಂಜಿನ್ ಎಷ್ಟು ದೊಡ್ಡದು, ಟ್ಯಾಂಕಿನಲ್ಲಿ ಎಣ್ಣೆ ಎಷ್ಟು, ಎಲ್ಲವೂ ನಮ್ಮಿಷ್ಟ. ಆಟದ ನಕ್ಷೆಯಲ್ಲಿ ಯಾವುದೋ ದೇಶದ ಬಯಲು, ಅದರಾಚೆ ಒಂದು ನದಿ. ನದಿಯ ದಂಡೆಗೆ ಹರಿಹರವೆಂದೂ, ಅಲ್ಲಿಂದ ಹದಿನಾಲ್ಕು ಕಿಲೋಮೀಟರ್ ಈಚೆಗಿನ ಹೊಲಕ್ಕೆ ದಾವಣಗೆರೆಯೆಂದೂ ನಾನೇ ನಾಮಕರಣ ಮಾಡಿದೆ.

ಸುದ್ದಿ ತಿಳಿದು ಗಿರಿಜೆಯ ತಂದೆ ನಿಜವಾದ ಹರಿಹರದಿಂದ ಮೊಪೆಡ್ ಹತ್ತಿ ಬಂದರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಪರದೆಯ ಮೇಲಿನ ಹೆಲಿಕಾಪ್ಟರನ್ನು ಮೇಲಿಂದ ಕೆಳಗೆ ನೋಡಿ, ನಮ್ಮ ಕಡೆಯವರು ಯಾವ ಗಾಡಿ ಕಂಡರೂ ಕೇಳುವ ಮೊದಲ ಪ್ರಶ್ನೆಯನ್ನೇ ಕೇಳಿದರು.

"ಎಷ್ಟು ಮೈಲೇಜ್ ಕೊಡ್ತೈತ್ರಿ ಇದು?"

ಗೊತ್ತಿಲ್ಲ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಅಳಿಯನ ಬಾಯಿ ಸುಮ್ಮನಿರಬೇಕಲ್ಲ! "ಅರ್ಧ ಟ್ಯಾಂಕಿನಲ್ಲಿ ಹರಿಹರ ಮುಟ್ಟಿಸುತ್ತೇನೆ" ಎಂದುಬಿಟ್ಟೆ.

ಒಳಗಿನಿಂದ ಗಿರಿಜೆ ಬಂದಳು. "ಬರೋ ಭಾನುವಾರ ಅಪ್ಪನ ಮುಂದೆ ಮುಟ್ಟಿಸ್ರಿ. ಮುಟ್ಟಿದ್ರೆ ಕಿಟಕಿ ನಿಮ್ದು. ಇಲ್ಲಂದ್ರೆ ನನ್ನ ಮಷಿನ್ ವಾಪಸ್ ಇಲ್ಲಿಗೇ ಬರ್ತೈತೆ."

ವಾರವಿಡೀ ಕಟ್ಟಿದೆ. ಮೊದಲನೆಯದಕ್ಕೆ ಭಾರಿ ಇಂಜಿನ್ ಇಟ್ಟೆ. ಅದು ದಾವಣಗೆರೆ ದಾಟುವ ಮೊದಲೇ ಅರ್ಧ ಟ್ಯಾಂಕು ಕುಡಿದು ಹೊಲದಲ್ಲಿ ಮಲಗಿತು. ಎರಡನೆಯದಕ್ಕೆ ಪುಟ್ಟ ಇಂಜಿನ್ ಇಟ್ಟೆ. ಅದು ನೆಲದ ಮೇಲೆ ಕೂತು ಗುರುಗುಟ್ಟಿತೇ ಹೊರತು ಒಂದು ಗೇಣು ಏಳಲಿಲ್ಲ.

ಮೂರನೆಯ ಸಲ ಬುದ್ಧಿ ಓಡಿತು. ಬಾಲದ ತುದಿಯಲ್ಲಿ ಒಂದು ಪುಟ್ಟ ಫ್ಯಾನ್ ಇರುತ್ತದೆ. ಮೇಲೆ ಅಷ್ಟು ದೊಡ್ಡ ರೆಕ್ಕೆ ಇರುವಾಗ ಹಿಂದೊಂದು ಇದೇಕೆ? ಸುಮ್ಮನೆ ಎಣ್ಣೆ ದಂಡ! ಕಿತ್ತು ಹಾಕಿದೆ. ಹೆಲಿಕಾಪ್ಟರ್ ಚಂದವಾಗಿ ಮೇಲೆದ್ದಿತು. ಎದ್ದದ್ದೇ ಬುಗುರಿಯಾಯಿತು! ರೆಕ್ಕೆ ಒಂದು ಕಡೆ, ಮೈ ಇನ್ನೊಂದು ಕಡೆ. ಪರದೆ ನೋಡುತ್ತಿದ್ದ ನನಗೇ ತಲೆ ಸುತ್ತಿ ಕುರ್ಚಿ ಹಿಡಿದುಕೊಂಡೆ. ಪ್ರತಿ ಕ್ರಿಯೆಗೂ ಸಮಾನವೂ ವಿರುದ್ಧವೂ ಆದ ಪ್ರತಿಕ್ರಿಯೆ ಇದೆಯೆಂದು ಹದಿನೈದು ವರ್ಷಗಳಿಂದ ಬೋರ್ಡಿನ ಮೇಲೆ ಬರೆದವನು ನಾನೇ. ಮರೆತವನೂ ನಾನೇ!

ಫ್ಯಾನನ್ನು ಮರಳಿ ಜೋಡಿಸಿ, ರೆಕ್ಕೆ ಉದ್ದ ಮಾಡಿ, ಸೀಟುಗಳನ್ನು ಕಿತ್ತು ತೂಕ ಇಳಿಸಿದೆ. ಶನಿವಾರ ನಾಲ್ಕನೆಯದು ನೆಟ್ಟಗೆ ಹಾರಿತು. ಎಣ್ಣೆ ಮಾತ್ರ ಹರಿಹರಕ್ಕೆ ಎರಡು ಕಿಲೋಮೀಟರ್ ಇರುವಾಗ ಮುಗಿಯಿತು.

ಭಾನುವಾರ ಮಾವನವರು ಮಂಡಕ್ಕಿ ಪೊಟ್ಟಣದೊಂದಿಗೆ ಬಂದು ಕೂತರು. ನನ್ನ ಸಂಕಟ ಕೇಳಿ ನಕ್ಕರು.

"ಇದಕ್ಯಾಕ ತಲಿ ಕೆಡಿಸ್ಕಂತೀರಿ? ಇಳಿಜಾರು ಬಂದ ಕೂಡ್ಲೆ ನಾನು ಗಾಡಿ ಇಂಜಿನ್ ಬಂದ್ ಮಾಡ್ತೀನಿ. ಗಾಡಿ ತಾನೇ ಹೋಗ್ತೈತೆ. ನೀವೂ ಎತ್ರಕ್ಕೆ ಹೋಗ್ರಿ, ಆಮೇಲೆ ಬಂದ್ ಮಾಡ್ರಿ."

ಎಂಥ ದಿವ್ಯ ಉಪಾಯ! ಊರಲ್ಲಿ ಯಾರು ತಾನೇ ಇಳಿಜಾರಿನಲ್ಲಿ ಪೆಟ್ರೋಲ್ ಸುಡುತ್ತಾರೆ? ಎತ್ತರಕ್ಕೆ ಏರಿದೆ, ಹೊಲಗಳ ಮೇಲೆ ಹಾರಿದೆ. ದೂರದಲ್ಲಿ ನದಿ ಕಂಡದ್ದೇ ಇಂಜಿನ್ ಬಂದ್ ಮಾಡಿದೆ.

ಮೊಪೆಡ್ಡಿನ ಕೆಳಗೆ ರಸ್ತೆ ಇರುತ್ತದೆ ಎಂಬ ಸಂಗತಿ ಆಮೇಲೆ ಹೊಳೆಯಿತು. ಹೆಲಿಕಾಪ್ಟರ್ ಕಲ್ಲಿನಂತೆ ಇಳಿಯತೊಡಗಿತು. ರೆಕ್ಕೆಗಳನ್ನು ಓರೆ ಮಾಡಿ ಮೇಲೆತ್ತುವ ಕೀಯನ್ನು ನಾನು ಪ್ರಾಣಭಯದಿಂದ ಒತ್ತಿದೆ. ಒತ್ತಿದಷ್ಟೂ ರೆಕ್ಕೆ ನಿಧಾನವಾಯಿತು.

"ಹಾಕ್ರಿ ಇಂಜಿನ್!" ಮಾವನವರು ಕೂಗಿದರು.

"ಹತ್ತುತ್ತಿಲ್ಲ!"

"ಕಿಕ್ ಹೊಡೀರಿ!"

ಬಾಗಿಲಲ್ಲಿ ನಿಂತಿದ್ದ ಗಿರಿಜೆ ಒಂದೇ ನೆಗೆತಕ್ಕೆ ಬಂದು ನನ್ನ ಕೈ ಸರಿಸಿದಳು. "ಯಾಕ ಹಂಗ ಜಗ್ತೀರಿ? ಚಕ್ರ ನಿಂತೇ ಹೋಗ್ತೈತೆ. ಕಾಲು ತೆಗೆದ್ರೂ ನನ್ನ ಹೊಲಿಗೆ ಮಷಿನ್ ಚಕ್ರ ತಿರುಗ್ತೈತಲ್ಲ, ಹಂಗ ತಿರುಗಾಕ ಬಿಡ್ರಿ!"

ವಾರವಿಡೀ ನನ್ನ ಬೆನ್ನ ಹಿಂದಿನಿಂದ ಕೀಗಳನ್ನು ನೋಡಿಟ್ಟುಕೊಂಡಿದ್ದಳೇನೋ, ಇನ್ನೊಂದು ಕೀ ಒತ್ತಿ ರೆಕ್ಕೆಗಳ ಓರೆಯನ್ನು ತಗ್ಗಿಸಿದಳು. ಬೀಳುವ ಗಾಳಿಗೇ ರೆಕ್ಕೆ ಗಿರ್ರನೆ ತಿರುಗತೊಡಗಿತು. ಹೆಲಿಕಾಪ್ಟರ್ ಮೂತಿ ಮುಂದೆ ಮಾಡಿ ನದಿಯತ್ತ ಜಾರಿತು. ನೆಲ ಮೂರಾಳು ದೂರವಿರುವಾಗ, ರವಿಕೆಯ ತೋಳಿನ ತಿರುವಿನಲ್ಲಿ ಬಟ್ಟೆ ತಿರುಗಿಸುವ ನಾಜೂಕಿನಲ್ಲಿ ರೆಕ್ಕೆಯನ್ನು ಮತ್ತೆ ಎತ್ತಿದಳು. ಮೆತ್ತಗೆ ಮರಳಿನ ಮೇಲೆ ಕೂತಿತು. ಹರಿಹರ! ಟ್ಯಾಂಕಿನಲ್ಲಿ ಎಣ್ಣೆ ಇನ್ನೂ ಉಳಿದಿತ್ತು!

ನಾನು ಕುಣಿದೇಬಿಟ್ಟೆ. ನಿಜವಾಗಿ ಹೇಳುತ್ತೇನೆ, ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲ. "ಮುಟ್ಟಿತು! ಕಿಟಕಿ ನನ್ನದು!"

"ಮುಟ್ಟಿಸಿದ್ದು ಯಾರು?" ಎಂದಳು ಗಿರಿಜೆ.

ಇಬ್ಬರೂ ಮಾವನವರತ್ತ ತಿರುಗಿದೆವು. ಅವರು ಬಾಯೊಳಗಿನ ಮಂಡಕ್ಕಿ ಅಗಿದು ನುಂಗಿದರು.

"ಕಟ್ಟಿದ್ದು ಅಳಿಯಂದ್ರು, ಸುಳ್ಳಲ್ಲ. ಆದ್ರ ಬೀಳ್ಸಿದ್ದೂ ಅವ್ರೇ. ಕಿಟಕಿ ಮಗಳಿಗೆ ಬಿಡ್ರಿ."

ಆ ಸಂಜೆಯೇ ಕಂಪ್ಯೂಟರ್ ಬಚ್ಚಲುಮನೆಯ ಪಕ್ಕಕ್ಕೆ ಹೋಯಿತು. ಸರಿ, ಅಲ್ಲಿಯೇ ಕೂತು ಐದನೆಯದನ್ನು ಕಟ್ಟುತ್ತೇನೆ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಗಿರಿಜೆಗೆ ರುಚಿ ಹತ್ತಿಬಿಟ್ಟಿತ್ತು! ಹಗಲೆಲ್ಲ ಹೊಲಿದು, ಸಂಜೆಯಾದರೆ ಕಂಪ್ಯೂಟರಿನ ಮುಂದೆ ಆಕೆಯೇ ಹಾಜರು. ಈಗ ಅದೇ ಅರ್ಧ ಟ್ಯಾಂಕಿನಲ್ಲಿ ಹರಿಹರಕ್ಕೆ ಹೋಗಿ, ಅಲ್ಲಿಂದ ಅರ್ಧ ದಾರಿ ವಾಪಸ್ಸೂ ಬರುತ್ತಾಳೆ. ದೀಪಾವಳಿ ಕೆಲಸ ಹಿಂದೆ ಬೀಳಬಾರದಲ್ಲ, ಆ ಹೊತ್ತಿನಲ್ಲಿ ರವಿಕೆಗಳಿಗೆ ಹುಕ್ಕು ಹಚ್ಚುವ ಜವಾಬ್ದಾರಿ ಭೌತಶಾಸ್ತ್ರ ವಿಭಾಗಕ್ಕೆ ಬಂದಿದೆ.

ನಿನ್ನೆ ಒಂದು ರವಿಕೆ ಮುಗಿಸಿ ಹೆಮ್ಮೆಯಿಂದ ತೋರಿಸಿದೆ. ಆಕೆ ನದಿಯ ಮೇಲೆ ಹಾರುತ್ತಲೇ ಅರೆಗಣ್ಣಿನಲ್ಲಿ ನೋಡಿದಳು.

"ಎಲ್ಲಾ ಸೊಟ್ಟ ಅದಾವು. ಬಿಚ್ಚಿ ಇನ್ನೊಮ್ಮೆ ಹಚ್ರಿ."

ಬಿಚ್ಚಿದೆ.